28-3 ಇಂದ 34-28: ಹೂಸ್ಟನ್ ಸೂಪರ್ ಬೌಲ್‌ನಲ್ಲಿ ಫಾಲ್ಕನ್ಸ್ ಸೋತಿದ್ದು ಎಲ್ಲಿ? ಹಾಫ್‌ಟೈಮ್ ಶೋಗೂ ಅದಕ್ಕೂ ಸಂಬಂಧ ಇದ್ಯಾ?

ಬಸವನಗುಡಿ_ಬೌಲರ್:
ಎಲ್ರಿಗೂ ನಮಸ್ಕಾರ. ಸೂಪರ್ ಬೌಲ್ 51ನ, ಅಂದ್ರೆ ಅಮೆರಿಕನ್ ಫುಟ್‌ಬಾಲ್ ಲೀಗ್‌ನ ಫೈನಲ್‌ನ, ಮತ್ತೆ ಕೂತ್ಕೊಂಡು ನೋಡ್ದೆ, ಹೈಲೈಟ್ಸ್ ಅಲ್ಲ, ಪೂರ್ತಿ ಮ್ಯಾಚ್. 2017ರ ಫೆಬ್ರವರಿ 5, ಹೂಸ್ಟನ್ನಿನ ಎನ್‌ಆರ್‌ಜಿ ಸ್ಟೇಡಿಯಂ, ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಮತ್ತೆ ಅಟ್ಲಾಂಟಾ ಫಾಲ್ಕನ್ಸ್. ಮೂರನೇ ಕ್ವಾರ್ಟರ್‌ನಲ್ಲಿ (15 ನಿಮಿಷದ ನಾಲ್ಕು ಭಾಗದಲ್ಲಿ ಮೂರನೇದು) 8 ನಿಮಿಷ 31 ಸೆಕೆಂಡ್ ಬಾಕಿ ಇದ್ದಾಗ ಫಾಲ್ಕನ್ಸ್ 28, ಪೇಟ್ರಿಯಟ್ಸ್ 3. ಅಲ್ಲೀವರೆಗೂ ಯಾವ ಸೂಪರ್ ಬೌಲ್‌ನಲ್ಲೂ 10 ಪಾಯಿಂಟ್‌ಗಿಂತ ಜಾಸ್ತಿ ಹಿಂದೆ ಬಿದ್ದ ಟೀಮ್ ಗೆದ್ದಿದ್ದೇ ಇರ್ಲಿಲ್ಲ. ಇವ್ರು 25 ಪಾಯಿಂಟ್ ಹಿಂದಿದ್ದು 34-28ರಲ್ಲಿ ಗೆದ್ರು, ಅದೂ ಸೂಪರ್ ಬೌಲ್ ಇತಿಹಾಸದ ಮೊದಲ ಓವರ್‌ಟೈಮ್‌ನಲ್ಲಿ.

ಜನ ಇದನ್ನ ಒಂದೋ ಪೇಟ್ರಿಯಟ್ಸ್‌ನ ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆದು ಆಟ ನಡೆಸೋನು) ಟಾಮ್ ಬ್ರೇಡಿ ಪವಾಡ ಅಂತಾರೆ, ಇಲ್ಲಾಂದ್ರೆ ಫಾಲ್ಕನ್ಸ್ ಹೆದ್ರಿಬಿಟ್ರು ಅಂತಾರೆ. ನಂಗೆ ಎರಡೂ ಒಪ್ಪಿಗೆ ಇಲ್ಲ. ನನ್ನ ಪ್ರಕಾರ ಫಾಲ್ಕನ್ಸ್ ಸೋತಿದ್ದು ಗಡಿಯಾರದ ಲೆಕ್ಕದಲ್ಲಿ, ಅದ್ರಲ್ಲೂ ನಾಲ್ಕನೇ ಕ್ವಾರ್ಟರ್‌ನಲ್ಲಿ ಪೇಟ್ರಿಯಟ್ಸ್‌ನ 22 ಯಾರ್ಡ್ ಲೈನ್ (ಅವ್ರ ಗೋಲ್ ಗೆರೆಯಿಂದ 22 ಯಾರ್ಡ್ ದೂರ) ಹತ್ರ ಬಾಲ್ ಇದ್ದಾಗ ತಗೊಂಡ ತೀರ್ಮಾನದಲ್ಲಿ. ಅದನ್ನ ಕೆಳಗೆ ಬಿಡಿಸಿ ಬರೀತೀನಿ. ಹಾಫ್‌ಟೈಮ್‌ನಲ್ಲಿ ಲೇಡಿ ಗಾಗಾ ಶೋ ಉದ್ದ ಆಗಿದ್ದೇ ಕಾರಣ ಅನ್ನೋ ವಾದಾನೂ ಇದೆ, ಅದ್ರ ಬಗ್ಗೆನೂ ಮಾತಾಡೋಣ. ಹೂಸ್ಟನ್, ಅಟ್ಲಾಂಟಾ, ಬಾಸ್ಟನ್ ಕಡೆ ಇರೋ ನಮ್ಮವ್ರು ಇದ್ರೆ ದಯವಿಟ್ಟು ಬರೀರಿ.

ಅಟ್ಲಾಂಟಾ_ಅಕ್ಕ:
ಈ ಟಾಪಿಕ್ ನೋಡಿದ್ ಕೂಡ್ಲೇ ಹೊಟ್ಟೆ ಉರೀತು ಕಣ್ರೀ. ಆದ್ರೂ ಬರೀತೀನಿ. ಇಲ್ಲಿ ಇವತ್ತಿಗೂ ಯಾರಾದ್ರೂ 28-3 ಅಂದ್ರೆ ಸಾಕು, ಮುಂದೆ ಏನೂ ಹೇಳೋದೇ ಬೇಡ. ಫಾಲ್ಕನ್ಸ್ ಇಷ್ಟು ವರ್ಷದಲ್ಲಿ ಒಂದೇ ಒಂದು ಸೂಪರ್ ಬೌಲ್ ಗೆದ್ದಿಲ್ಲ, ಆ ಸೀಸನ್‌ನಲ್ಲಿ ಲೀಗಲ್ಲೇ ಅತಿ ಹೆಚ್ಚು, 540 ಪಾಯಿಂಟ್ ಹೊಡೆದಿದ್ದ ಟೀಮು, ನಮ್ಮ ಕ್ವಾರ್ಟರ್‌ಬ್ಯಾಕ್ ಮ್ಯಾಟ್ ರಾಯನ್‌ಗೆ ಆ ವರ್ಷದ ಎಂವಿಪಿ (ಅತ್ಯುತ್ತಮ ಆಟಗಾರ ಪ್ರಶಸ್ತಿ) ಬಂದಿತ್ತು. ನಾವು ಗೆಲ್ತೀವಿ ಅಂತ ಅಂದ್ಕೊಂಡಿದ್ರಲ್ಲಿ ದುರಹಂಕಾರ ಏನೂ ಇರ್ಲಿಲ್ಲ, ಅಷ್ಟು ಚೆನ್ನಾಗಿ ಆಡ್ತಿದ್ರು. ನಮ್ಮ ರಾಬರ್ಟ್ ಆಲ್ಫರ್ಡ್ ಬ್ರೇಡಿ ಪಾಸ್ ಕಿತ್ಕೊಂಡು 82 ಯಾರ್ಡ್ ಓಡಿ ಟಚ್‌ಡೌನ್ (ಎದುರಾಳಿ ಗೋಲ್ ಗೆರೆ ದಾಟಿ ಬಾಲ್ ಒಯ್ಯೋದು, 6 ಪಾಯಿಂಟ್) ಮಾಡ್ದಾಗ, ಬ್ರೇಡಿ ಅವನ್ನ ಹಿಡಿಯೋಕೆ ಹೋಗಿ ಮಕಾಡೆ ಬಿದ್ದಿದ್ದು ನೆನ್ಪಿದ್ಯಾ? ಆಗ 21-0.

ಪೂರ್ತಿ ಮ್ಯಾಚ್ ಮತ್ತೆ ನೋಡೋ ಧೈರ್ಯ ನಂಗಿಲ್ಲ. ನೀವು ಬರೀರಿ, ಓದ್ತೀನಿ.

ಹೊಸಬ_ನೋಡುಗ:
ನಾನು ಕ್ರಿಕೆಟ್ ಬಿಟ್ರೆ ಬೇರೆ ಗೊತ್ತಿಲ್ಲದೋನು, ಹಾಫ್‌ಟೈಮ್ ಶೋ ಕ್ಲಿಪ್ ನೋಡ್ತಾ ನೋಡ್ತಾ ಈ ಕಡೆ ಬಂದೆ. ಗಡಿಯಾರದ ಲೆಕ್ಕ ಅಂದ್ರೆ ಏನು ಸರ್? 25 ಪಾಯಿಂಟ್ ಮುಂದೆ ಇದ್ರೆ ಸುಮ್ನೆ ಟೈಮ್ ಕಳೀಬೋದಲ್ವಾ?

ಬಸವನಗುಡಿ_ಬೌಲರ್:
ಅದೇ ಪ್ರಶ್ನೆ ಅಮೆರಿಕಾ ಪೂರ್ತಿ ಕೇಳಿದ್ದು! ನೋಡಿ, ಒಟ್ಟು 60 ನಿಮಿಷದ ಆಟ. ಬಾಲ್ ಕೈಲಿ ಹಿಡ್ಕೊಂಡು ಓಡಿ ಮೈದಾನದ ಒಳಗೇ ಬಿದ್ರೆ ಗಡಿಯಾರ ನಿಲ್ಲಲ್ಲ, ಮುಂದಿನ ಪ್ಲೇ ಶುರು ಮಾಡೋಕೆ 40 ಸೆಕೆಂಡ್ ಸಿಗತ್ತೆ, ಅದನ್ನ ಪೂರ್ತಿ ಉಪಯೋಗಿಸ್ಕೊಂಡ್ರೆ ಒಂದೊಂದು ಓಟಕ್ಕೂ ಮುಕ್ಕಾಲು ನಿಮಿಷದ ಹತ್ರ ಹೋಗತ್ತೆ. ಪಾಸ್ ಎಸೆದು ಯಾರೂ ಹಿಡೀಲಿಲ್ಲ ಅಂದ್ರೆ ಗಡಿಯಾರ ನಿಂತುಬಿಡತ್ತೆ. ಹಾಗಾಗಿ ಮುಂದಿರೋ ಟೀಮು ಓಡತ್ತೆ, ಹಿಂದಿರೋ ಟೀಮು ಪಾಸ್ ಮಾಡತ್ತೆ, ಇದು ಸ್ಕೂಲ್ ಹುಡುಗ್ರಿಗೂ ಗೊತ್ತಿರೋ ವಿಷ್ಯ.

ಫಾಲ್ಕನ್ಸ್‌ಗೆ ಓಡೋಕೆ ಬರ್ತಿರ್ಲಿಲ್ವಾ? ಬರ್ತಿತ್ತು. ಇಡೀ ಮ್ಯಾಚ್‌ನಲ್ಲಿ 18 ಸಲ ಓಡಿ 104 ಯಾರ್ಡ್ ತಗೊಂಡಿದಾರೆ, ಅಂದ್ರೆ ಒಂದೊಂದು ಓಟಕ್ಕೂ ಐದೂ ಮುಕ್ಕಾಲು ಯಾರ್ಡ್, ಅದು ತುಂಬಾ ಒಳ್ಳೇದು. ಆದ್ರೆ 28-3 ಆದ್ಮೇಲೆ ಓಡಿದ್ದು ಬೆರಳೆಣಿಕೆಯಷ್ಟೇ ಸಲ. ಆ 40 ಸೆಕೆಂಡ್‌ನಲ್ಲಿ ಟೈಮ್ ಉಳಿದಿರೋವಾಗ್ಲೇ ರಾಯನ್ ಪ್ಲೇ ಶುರು ಮಾಡ್ತಿದ್ದ, ನೋಡ್ತಾ ಇದ್ರೆ ಟಿವಿ ಒಳಗೆ ಕೈ ಹಾಕಿ ತಡೀಬೇಕು ಅನ್ಸತ್ತೆ.

ಇನ್ನೊಂದು ಅಂಕಿ ಹೇಳ್ತೀನಿ, ಈ ಮ್ಯಾಚ್‌ನ ಅರ್ಥ ಮಾಡ್ಕೊಳ್ಳೋಕೆ ಇದೊಂದೇ ಸಾಕು: ಪೇಟ್ರಿಯಟ್ಸ್ ಆಡಿದ್ದು 93 ಪ್ಲೇ, ಫಾಲ್ಕನ್ಸ್ 46. ಅಂದ್ರೆ ಅಟ್ಲಾಂಟಾದ ಡಿಫೆನ್ಸ್ ಹುಡುಗ್ರು ಎದುರಾಳಿಗಿಂತ ಎರಡು ಪಟ್ಟು ಹೊತ್ತು ಬ್ರೇಡಿ ಹಿಂದೆ ಓಡಿದಾರೆ. ಮೊದಲರ್ಧದಲ್ಲಿ ಸಿಂಹದ ಥರ ಇದ್ದ ಡಿಫೆನ್ಸು, ಗ್ರೇಡಿ ಜ್ಯಾರೆಟ್ ಒಬ್ನೇ ಬ್ರೇಡಿನ 3 ಸಲ ಸ್ಯಾಕ್ ಮಾಡಿದಾನೆ (ಪಾಸ್ ಎಸೆಯೋ ಮುಂಚೆನೇ ಕೆಡವಿದಾನೆ), ಅದೇ ಹುಡುಗ್ರು ಕೊನೇ ಹತ್ತು ನಿಮಿಷದಲ್ಲಿ ಸೊಂಟದ ಮೇಲೆ ಕೈ ಇಟ್ಕೊಂಡು ಏದುಸಿರು ಬಿಡ್ತಾ ನಿಂತಿದಾರೆ. ಅದಕ್ಕೇ ಪವಾಡ ಅನ್ನೋ ಮಾತು ನಂಗೆ ಹಿಡಿಸಲ್ಲ.

ಬಾಸ್ಟನ್_ಚಳಿ:
ಸ್ವಲ್ಪ ತಡೀರಿ ಬ್ರೋ. ಆ 93 ಪ್ಲೇ ತಾನಾಗೇ ಬಂತಾ? 62 ಪಾಸ್ ಎಸೆದು 43 ಕರೆಕ್ಟಾಗಿ ತಲುಪ್ಸಿ 466 ಯಾರ್ಡ್ ತಗೊಳ್ಳೋದು ಆಗ 39 ವರ್ಷದ ಮನುಷ್ಯ! ಡಿಫೆನ್ಸ್ ಸುಸ್ತಾಯ್ತು ಅಂತೀರಿ, ಸುಸ್ತು ಮಾಡ್ಸಿದ್ಯಾರು? ಜೇಮ್ಸ್ ವೈಟ್‌ಗೆ ಸಣ್ಣ ಸಣ್ಣ ಪಾಸ್ ಕೊಟ್ಟು ಕೊಟ್ಟು ಅವ್ನ ಕೈಲಿ 14 ಕ್ಯಾಚ್, ಒಟ್ಟು 3 ಟಚ್‌ಡೌನ್. ಎಂವಿಪಿ ಬ್ರೇಡಿಗೆ ಕೊಟ್ರು, ಅದು ಅವನ ನಾಲ್ಕನೇ ಸೂಪರ್ ಬೌಲ್ ಎಂವಿಪಿ, ಆದ್ರೆ ವೈಟ್‌ಗೆ ಕೊಟ್ಟಿದ್ರೂ ನಾನು ಒಂದ್ ಮಾತೂ ಆಡ್ತಿರ್ಲಿಲ್ಲ.

ಜನ ಮರೆಯೋ ಇನ್ನೊಂದು ವಿಷ್ಯ ಇದೆ. 28-9 ಇದ್ದಾಗ ನಾಲ್ಕನೇ ಕ್ವಾರ್ಟರ್‌ನಲ್ಲಿ 9:44 ಬಾಕಿ ಇರೋವಾಗ ಪೇಟ್ರಿಯಟ್ಸ್ ಟಚ್‌ಡೌನ್‌ಗೆ ಕೈ ಹಾಕ್ದೆ ಫೀಲ್ಡ್ ಗೋಲ್ (ಬಾಲ್ ಒದ್ದು ಕಂಬಗಳ ಮಧ್ಯೆ ಕಳ್ಸೋದು, 3 ಪಾಯಿಂಟ್) ಹೊಡೆದ್ರು, 28-12. ನಮ್ಮ ಮನೇಲಿ ಕೂತಿದ್ದೋರೆಲ್ಲ ಬೈದಿದ್ದೇ ಬೈದಿದ್ದು, ಈಗ 3 ಪಾಯಿಂಟ್ ಇಟ್ಕೊಂಡು ಏನ್ ಮಾಡ್ತಾರೆ ಅಂತ. ಆದ್ರೆ ಲೆಕ್ಕ ನೋಡಿ, 19 ಪಾಯಿಂಟ್ ಹಿಂದಿದ್ರೆ ಮೂರು ಸಲ ಸ್ಕೋರ್ ಮಾಡ್ಬೇಕು, 16 ಆದ್ರೆ ಎರಡು ಟಚ್‌ಡೌನ್ ಮತ್ತೆ ಎರಡೂ ಸಲ 2 ಪಾಯಿಂಟ್ ಕನ್ವರ್ಷನ್ (ಟಚ್‌ಡೌನ್ ಆದ್ಮೇಲೆ ಇನ್ನೊಂದ್ಸಲ ಬಾಲ್ ಒಯ್ದು 2 ಪಾಯಿಂಟ್ ತಗೊಳ್ಳೋದು), 8 ಪ್ಲಸ್ 8. ಕಷ್ಟಾನೇ, ಆದ್ರೆ ದಾರಿ ಇದೆ. ಸರಿಯಾಗಿ ಅದೇ ದಾರೀಲೇ ಹೋದ್ರು. ಆಗಿನ ಕೋಚ್ ಬಿಲ್ ಬೆಲಿಚಿಕ್ ಟೀಮ್ ಅಂದ್ರೆ ನಂಗೆ ಇಷ್ಟ ಆಗ್ತಿದ್ದಿದ್ದು ಇದಕ್ಕೇ.

ಬಸವನಗುಡಿ_ಬೌಲರ್:
ಒಪ್ತೀನಿ, ಆ ಫೀಲ್ಡ್ ಗೋಲ್ ಬಗ್ಗೆ ಒಳ್ಳೇ ಮಾತು ಹೇಳಿದ್ರಿ. ಈಗ ನಾನು ಹೇಳಿದ್ದ 22 ಯಾರ್ಡ್ ಲೈನ್‌ಗೆ ಬರ್ತೀನಿ.

ಅದಕ್ಕೂ ಸ್ವಲ್ಪ ಮುಂಚೆ, ಎಂಟೂವರೆ ನಿಮಿಷದ ಹತ್ರ ಬಾಕಿ ಇದ್ದಾಗ, ಫಾಲ್ಕನ್ಸ್‌ಗೆ ಥರ್ಡ್ ಡೌನ್ (10 ಯಾರ್ಡ್ ಹೋಗೋಕೆ ಸಿಗೋ ನಾಲ್ಕು ಅವಕಾಶದಲ್ಲಿ ಮೂರನೇದು), ಬೇಕಾಗಿದ್ದು 1 ಯಾರ್ಡ್. ಅಲ್ಲೂ ಪಾಸ್‌ಗೆ ಹೋದ್ರು, ಪೇಟ್ರಿಯಟ್ಸ್‌ನ ಡಾಂಟಾ ಹೈಟವರ್ ಸೈಡಿಂದ ನುಗ್ಗಿ ರಾಯನ್ ಕೈಯಿಂದ ಬಾಲ್ ಬೀಳ್ಸಿದ, ಪೇಟ್ರಿಯಟ್ಸ್ ಎತ್ಕೊಂಡ್ರು, ಡ್ಯಾನಿ ಅಮೆಂಡೋಲಾ ಟಚ್‌ಡೌನ್, ವೈಟ್ 2 ಪಾಯಿಂಟ್, 28-20. ಅದಾದ್ಮೇಲೂ ಫಾಲ್ಕನ್ಸ್ ಬಾಲ್ ತಗೊಂಡು ಚೆನ್ನಾಗೇ ಮುಂದೆ ಬಂದ್ರು. ಡೆವಾಂಟಾ ಫ್ರೀಮನ್ 39 ಯಾರ್ಡ್. ಆಮೇಲೆ ಹೂಲಿಯೊ ಜೋನ್ಸ್ ಸೈಡ್‌ಲೈನ್ ಹತ್ರ ಆಕಾಶಕ್ಕೆ ಹಾರಿ ಹಿಡ್ದ 27 ಯಾರ್ಡ್ ಕ್ಯಾಚ್. ಬಾಲ್ ಈಗ ಪೇಟ್ರಿಯಟ್ಸ್‌ನ 22ರಲ್ಲಿ, ನಾಲ್ಕೂ ಮುಕ್ಕಾಲು ನಿಮಿಷದ ಹತ್ರ ಬಾಕಿ.

ಇಲ್ಲಿ ಸುಮ್ನೆ ಮೂರು ಸಲ ಬಾಲ್ ಹಿಡ್ಕೊಂಡು ಮಧ್ಯಕ್ಕೆ ನುಗ್ಗಿದ್ರೂ ಸುಮಾರು 40 ಯಾರ್ಡ್ ದೂರದ ಫೀಲ್ಡ್ ಗೋಲ್ ಸಿಗ್ತಿತ್ತು, ಮ್ಯಾಟ್ ಬ್ರಯಂಟ್‌ನಂಥ ಕಿಕ್ಕರ್‌ಗೆ ಅದು ದಿನನಿತ್ಯದ ಕೆಲ್ಸ. 31-20. ಪೇಟ್ರಿಯಟ್ಸ್‌ಗೆ ಎರಡು ಸಲ ಸ್ಕೋರ್ ಬೇಕು, ಟೈಮೂ ಇಲ್ಲ, ಟೈಮೌಟ್‌ಗಳನ್ನೂ (ಗಡಿಯಾರ ನಿಲ್ಸೋಕೆ ಇರೋ ಅವಕಾಶ) ಇಲ್ಲೇ ಖರ್ಚು ಮಾಡ್ಬೇಕಾಗಿತ್ತು. ಮುಗೀತು ಮ್ಯಾಚ್.

ಏನಾಯ್ತು? ಫಸ್ಟ್ ಡೌನ್ ಓಟ, 1 ಯಾರ್ಡ್ ಲಾಸ್, ಪರ್ವಾಗಿಲ್ಲ. ಸೆಕೆಂಡ್ ಡೌನ್ ಪಾಸ್‌ಗೆ ಹಿಂದೆ ಹೋದ್ರು, ಟ್ರೇ ಫ್ಲವರ್ಸ್ ಬಂದು ರಾಯನ್‌ನ ಕೆಡವಿದ, 12 ಯಾರ್ಡ್ ಹಿಂದೆ, ಬಾಲ್ 35ರಲ್ಲಿ. ಥರ್ಡ್ ಡೌನ್‌ನಲ್ಲಿ ಮತ್ತೆ ಪಾಸ್, ಕ್ಯಾಚ್ ಆಯ್ತು, ಆದ್ರೆ ಹೋಲ್ಡಿಂಗ್ (ಎದುರಾಳಿನ ಹಿಡಿದಿಟ್ಟಿದ್ದಕ್ಕೆ) ಪೆನಾಲ್ಟಿ, ಇನ್ನೂ 10 ಹಿಂದೆ, 45. ಮತ್ತೆ ಪಾಸ್, ಯಾರಿಗೂ ಸಿಗ್ಲಿಲ್ಲ, ಗಡಿಯಾರಾನೂ ನಿಂತ್ಹೋಯ್ತು. 40 ಯಾರ್ಡ್ ಇದ್ದಿದ್ದ ಕಿಕ್ ಈಗ 63 ಯಾರ್ಡ್ ಆಯ್ತು, ಅದನ್ನ ಯಾರು ಹೊಡೀತಾರೆ, ಪಂಟ್ ಮಾಡಿದ್ರು, ಅಂದ್ರೆ ದೂರಕ್ಕೆ ಒದ್ದು ಎದುರಾಳಿಗೆ ಬಿಟ್ಕೊಟ್ರು. ಬ್ರೇಡಿ ಕೈಗೆ ಬಾಲ್, ತನ್ನ 9 ಯಾರ್ಡ್ ಲೈನ್‌ನಿಂದ, ಮೂರೂವರೆ ನಿಮಿಷ ಬಾಕಿ.

ಫಾಲ್ಕನ್ಸ್ ಅಫೆನ್ಸ್ ಯಾವ ಪ್ಲೇ ಆಡ್ಬೇಕು ಅಂತ ಹೇಳ್ತಿದ್ದ ಕೋಚ್ ಕೈಲ್ ಶಾನಹನ್. ಅವ್ರು ಸಾಮಾನ್ಯದವ್ರಲ್ಲ, ಆ 540 ಪಾಯಿಂಟ್ ಅವ್ರ ತಲೆಯಿಂದ್ಲೇ ಬಂದಿದ್ದು. ಯಾವ ಧೈರ್ಯದ ಆಟ ಅವ್ರನ್ನ ಅಲ್ಲೀವರೆಗೂ ಕರ್ಕೊಂಡ್ ಬಂತೋ ಅದನ್ನ ಕೊನೇ ಐದು ನಿಮಿಷಕ್ಕೆ ಬದಿಗಿಡೋದು ಅವ್ರಿಗೆ ಆಗ್ಲಿಲ್ಲ.

ಅಟ್ಲಾಂಟಾ_ಅಕ್ಕ:
ಹೂಲಿಯೊ ಕ್ಯಾಚ್ ಬಗ್ಗೆ ಬರೆದ್ರಲ್ಲ, ಥ್ಯಾಂಕ್ಸ್. ಅದನ್ನ ಯಾರೂ ಬರೆಯೋದೇ ಇಲ್ಲ. ಪೇಟ್ರಿಯಟ್ಸ್‌ನ ಎರಿಕ್ ರೋ ಮೈಗಂಟಿಕೊಂಡಂಗೆ ಮುಂದೆ ಇದ್ದಾನೆ, ಅವನ ಮೇಲಿಂದ ಕೈ ಚಾಚಿ ಬಾಲ್ ತಗೊಂಡು, ಹೊರಗೆ ಬೀಳ್ತಾ ಇರೋ ಮೈನ ಹಾಗೇ ತಡ್ದು ಎರಡೂ ಕಾಲಿನ ತುದೀನ ಗೆರೆ ಒಳಗೆ ಊರಿದಾನೆ. ಅಷ್ಟು ದೊಡ್ಡ ಆಳು ಅಷ್ಟು ನಾಜೂಕಾಗಿ. ಆಮೇಲೆ ಆ ಮೂರು ಪಾಯಿಂಟ್ ತಗೊಂಡಿದ್ರೆ ಇವತ್ತು ಸೂಪರ್ ಬೌಲ್‌ನ ಯಾವ ಪಟ್ಟಿ ಮಾಡಿದ್ರೂ ಆ ಕ್ಯಾಚ್ ಮೊದಲಿರ್ತಿತ್ತು, ನಮ್ಮೂರ ಗೋಡೆ ಮೇಲೆಲ್ಲ ಅದೇ ಚಿತ್ರ ಇರ್ತಿತ್ತು. ಈಗ ಎಲ್ಲಿ ನೋಡಿದ್ರೂ ಪೇಟ್ರಿಯಟ್ಸ್‌ನ ಎಡೆಲ್ಮನ್ ಕ್ಯಾಚ್. ನಂಗೆ ಸೋತಿದ್ದಕ್ಕಿಂತ ಜಾಸ್ತಿ ನೋವು ಅದೇ.

ಬಾಸ್ಟನ್_ಚಳಿ:
ಅಕ್ಕಾ, ಅದು ನಿಜ, ಹೂಲಿಯೊ ಕ್ಯಾಚ್‌ಗೆ ಅನ್ಯಾಯ ಆಗಿದೆ. ಆದ್ರೆ ಎಡೆಲ್ಮನ್‌ದೂ ಹೇಳ್ಬೇಕು. ಬ್ರೇಡಿ ಎಸೆದ ಬಾಲ್‌ಗೆ ಆಲ್ಫರ್ಡ್ ಹಾರಿ ಕೈ ತಾಗ್ಸಿದ, ಬಾಲ್ ಮೇಲೆ ಹೋಗಿ ಕೆಳಗೆ ಬರ್ತಿದೆ, ಸುತ್ತ ಮೂರು ಜನ ಫಾಲ್ಕನ್ಸ್, ಎಡೆಲ್ಮನ್ ಅವ್ರ ಕಾಲುಗಳ ಮಧ್ಯೆ ಡೈವ್ ಹೊಡೆದು ಹಿಡ್ದ, ಒಂದು ಕ್ಷಣ ಕೈ ಜಾರಿತು, ನೆಲ ಮುಟ್ಟೋಕೆ ಒಂದೆರಡು ಬೆರಳಷ್ಟು ಅಂತರ ಇರೋವಾಗ ಮತ್ತೆ ಹಿಡ್ದ. 23 ಯಾರ್ಡ್. ಫಾಲ್ಕನ್ಸ್ ಕೋಚ್ ಡ್ಯಾನ್ ಕ್ವಿನ್ ಚಾಲೆಂಜ್ ಮಾಡಿದ್ರು, ತೀರ್ಪು ಬದಲಾಗ್ಲಿಲ್ಲ, ಫಾಲ್ಕನ್ಸ್‌ದು ಒಂದು ಟೈಮೌಟ್ ಹೋಯ್ತು. 57 ಸೆಕೆಂಡ್ ಬಾಕಿ ಇದ್ದಾಗ ವೈಟ್ ಟಚ್‌ಡೌನ್, ಅಮೆಂಡೋಲಾ 2 ಪಾಯಿಂಟ್, 28-28. ಇಲ್ಲಿ ಇಡೀ ಬೀದಿ ಹೊರಗೆ ಬಂದು ಕಿರ್ಚ್ತಾ ಇತ್ತು ಆ ಚಳೀಲಿ.

ಕುಡ್ಲದ_ಮೀನು:
ನಾನು ಆಟಕ್ಕಿಂತ ಹಾಫ್‌ಟೈಮ್ ಶೋ ಅಂತ ನೋಡುವವಳು ಮಾರಾಯ್ರೆ, ಹಾಗಾಗಿ ಆ ವಿಷಯ ನಾನು ತೆಗೀತೇನೆ. ಶೋ ಉದ್ದ ಆದದ್ದಕ್ಕೆ ಫಾಲ್ಕನ್ಸ್ ಸೋತದ್ದು ಅಂತ ಹೇಳಿದ್ದು ಅವರದ್ದೇ ಆಟಗಾರ, ಮೊಹಮ್ಮದ್ ಸಾನು. ಸಾಮಾನ್ಯ ಮ್ಯಾಚಿನಲ್ಲಿ ಕಾಲು ಗಂಟೆಯೊಳಗೆ ಮುಗಿಯುವ ಬ್ರೇಕ್ ಸೂಪರ್ ಬೌಲ್‌ನಲ್ಲಿ ಅರ್ಧ ಗಂಟೆ ಹತ್ತಿರ ಆಗ್ತದೆ, ಮೈಯೆಲ್ಲ ತಣ್ಣಗಾಗ್ತದೆ, ಲಯ ತಪ್ಪುತ್ತದೆ ಅಂತ ಅವರ ಮಾತಿನ ಅರ್ಥ. ಅದರಲ್ಲಿ ಸತ್ಯ ಉಂಟಾ ಇಲ್ವಾ ನೀವೇ ಹೇಳಿ.

ಆದರೆ ಶೋ ಮಾತ್ರ ಎಂಥ ಶೋ! ಬೇರೆ ಯಾವ ಗಾಯಕರನ್ನೂ ಅತಿಥಿಯಾಗಿ ಕರೀಲಿಲ್ಲ, ಸುಮಾರು 13 ನಿಮಿಷ ಲೇಡಿ ಗಾಗಾ ಒಬ್ಬಳೇ. ಮೊದಲು ಸ್ಟೇಡಿಯಂ ಛಾವಣಿ ಮೇಲೆ ನಿಂತು ಹಾಡಿದ್ದು, ಹಿಂದೆ ಆಕಾಶದಲ್ಲಿ ಇಂಟೆಲ್‌ನ 300 ಡ್ರೋನ್ ಸೇರಿ ಅಮೆರಿಕದ ಧ್ವಜ ಆದದ್ದು, ಆಮೇಲೆ ಸೊಂಟಕ್ಕೆ ಕೇಬಲ್ ಕಟ್ಟಿಕೊಂಡು ಮೇಲಿಂದ ಇಳಿದು, ಇಳಿಯುತ್ತಲೇ ಲಾಗ ಹಾಕಿ, ಕೊನೆಗೆ ಮೈಕ್ ಬಿಸಾಡಿ ಒಂದು ಫುಟ್‌ಬಾಲ್ ಕ್ಯಾಚ್ ಹಿಡಿದು ಸ್ಟೇಜಿನಿಂದ ಹಾರಿದ್ದು. ಗಾಳಿಯಲ್ಲಿ ನೇತಾಡಿಕೊಂಡು ಸ್ವರ ಹಿಡಿಯುವುದು ಸುಲಭದ ಕೆಲಸ ಅಲ್ಲ, ಹಾಡು ಕಲಿತವರಿಗೆ ಕೇಳಿ ನೋಡಿ. ಅವತ್ತು ಅಮೆರಿಕದಲ್ಲಿ ಮ್ಯಾಚ್ ನೋಡಿದವರ ಸರಾಸರಿ 11.13 ಕೋಟಿ, ಶೋ ನೋಡಿದವರು 11.75 ಕೋಟಿ. ಆಟಕ್ಕಿಂತ ಹಾಡಿಗೆ ಜನ ಜಾಸ್ತಿ!

ಹೂಸ್ಟನ್_ಹುಬ್ಬಳ್ಳಿ:
ನಾ ಹೂಸ್ಟನ್ನಾಗ ಅದೀನ್ರಿ, ಅದಕ್ಕ ಒಂದೆರಡ ಮಾತು. ಆ ಛಾವಣಿ ಮ್ಯಾಲಿನ ಭಾಗ, ಡ್ರೋನ್, ಅವೆಲ್ಲ ಮೊದಲ ಶೂಟ್ ಮಾಡಿ ಇಟ್ಟಿದ್ದು. ಸೂಪರ್ ಬೌಲ್ ದಿನ ಸ್ಟೇಡಿಯಂ ಸುತ್ತ ವಿಮಾನ, ಡ್ರೋನ್ ಏನೂ ಹಾರಸೂ ಹಂಗಿಲ್ಲ, ಭದ್ರತಾ ನಿಯಮ ಭಾಳ ಬಿಗಿ. ಒಳಗ ಇಳದ ಮ್ಯಾಲಿಂದು ಲೈವ್.

ಟಿಕೆಟ್ ನಮ್ಮಂಥವರ ಕೈಗೆ ಎಟಕೂದಲ್ರಿ. ಆದ್ರ ಡೌನ್‌ಟೌನ್‌ನ ಡಿಸ್ಕವರಿ ಗ್ರೀನ್ ಪಾರ್ಕ್‌ನಾಗ ಮ್ಯಾಚ್‌ಗೂ ಮೊದಲ ದಿನಗಟ್ಲೆ ಫ್ರೀ ಜಾತ್ರಿ ನಡದಿತ್ತು, ಹುಡುಗರನ್ನ ಕರಕೊಂಡ ಹೋಗಿದ್ವಿ. ಹೂಸ್ಟನ್ ಅಂದ್ರ ನಾಸಾ ಊರಲ್ಲ, ಅದಕ್ಕ ಒಂದ ದೊಡ್ಡ ಟವರ್ ಮ್ಯಾಲಿಂದ ಧಡಕ್ಕನ ಕೆಳಗ ಬಿಡೂ ರೈಡ್ ಇಟ್ಟಿದ್ರು, ಕಣ್ಣಿಗೆ ವಿಆರ್ ಕನ್ನಡಕ, ಮಂಗಳ ಗ್ರಹಕ್ಕ ಹೋಗಿ ತಿರುಗಿ ಸ್ಟೇಡಿಯಂನಾಗ ಬಂದು ಬಿದ್ದಂಗ. ಕ್ಯೂ ನೋಡಿದ್ರ ತಲಿ ತಿರಗತಿತ್ತು. ಮೆಟ್ರೋ ರೈಲಿನಾಗ ಎರಡೂ ಟೀಮಿನ ಜರ್ಸಿ ಹಾಕ್ಕೊಂಡವರು ಒಬ್ಬರಿಗೊಬ್ಬರು ಜಾಗ ಬಿಟ್ಟಕೊಡ್ತಿದ್ರು, ಅದ ನನಗ ಭಾಳ ಸೇರತು.

ಟಾಸ್ ಹಾಕಿದ್ದು ನಮ್ಮ ಹೂಸ್ಟನ್ನಿನವರ, ಹಿರಿಯ ಬುಷ್ ಮತ್ತ ಬಾರ್ಬರಾ ಬುಷ್. ಇಬ್ಬರೂ ಜನವರಿಯೊಳಗ ದವಾಖಾನಿಯಾಗ ಇದ್ದು ಬಂದಿದ್ರು. ಅವರು ಮೈದಾನಕ್ಕ ಬಂದಾಗ ಇಡೀ ಸ್ಟೇಡಿಯಂ ಎದ್ದ ನಿಂತತು. ಊರಿನ ಮಂದಿಗೆ ಅದು ಮ್ಯಾಚ್‌ಕಿಂತ ದೊಡ್ಡ ನೆನಪು.

ಹೊಸಬ_ನೋಡುಗ:
ಒಂದು ಡೌಟು. ಹಾಫ್‌ಟೈಮ್ ಅಷ್ಟೊತ್ತಲ್ಲಿ ಅಷ್ಟು ದೊಡ್ಡ ಸ್ಟೇಜ್ ಹೇಗೆ ಹಾಕ್ತಾರೆ? ಅವ್ರಿಗೆ ಎಷ್ಟು ದುಡ್ಡು ಕೊಡ್ತಾರೆ?

ಕುಡ್ಲದ_ಮೀನು:
ದುಡ್ಡು ಕೊಡುದಿಲ್ಲ! ಶೋದ ಖರ್ಚು ಲೀಗ್ ಮತ್ತೆ ಸ್ಪಾನ್ಸರ್ ನೋಡಿಕೊಳ್ತಾರೆ, ಆ ವರ್ಷ ಪೆಪ್ಸಿ ಇತ್ತು, 2023ರಿಂದ ಆಪಲ್ ಮ್ಯೂಸಿಕ್. ಹಾಡುವವರಿಗೆ ಸಂಭಾವನೆ ಅಂತ ದೊಡ್ಡ ಮೊತ್ತ ಏನೂ ಇಲ್ಲ, ಆದರೆ 11 ಕೋಟಿ ಜನ ಒಟ್ಟಿಗೆ ನೋಡುವ ಜಾಗ ಬೇರೆ ಎಲ್ಲಿ ಸಿಗ್ತದೆ? ಅದೇ ಹೊತ್ತಿಗೆ 30 ಸೆಕೆಂಡಿನ ಜಾಹೀರಾತಿಗೆ ಕಂಪನಿಗಳು ಸುಮಾರು 50 ಲಕ್ಷ ಡಾಲರ್ ಕೊಟ್ಟಿದ್ವು.

ಸ್ಟೇಜ್ ತುಂಡು ತುಂಡಾಗಿ ಗಾಲಿ ಬಂಡಿ ಮೇಲೆ ಇರ್ತದೆ, ಮೈದಾನ ಹಾಳಾಗದ ಹಾಗೆ ಚಕ್ರ. ನೂರಾರು ಜನ ಸುರಂಗದ ಬಾಯಲ್ಲಿ ಕಾಯ್ತಾ ಇರ್ತಾರೆ, ಆಟಗಾರರು ಒಳಗೆ ಹೋದ ಕೂಡಲೇ ದೂಡಿಕೊಂಡು ಬಂದು ಏಳೆಂಟು ನಿಮಿಷದಲ್ಲಿ ಜೋಡಿಸ್ತಾರೆ, ಲೈಟು, ಸ್ಪೀಕರು, ಪಟಾಕಿ ವೈರು ಎಲ್ಲ ಸೇರಿ. ಮುಗಿದ ಮೇಲೆ ಅದಕ್ಕಿಂತಲೂ ಬೇಗ ತೆಗೀಬೇಕು. ಯಕ್ಷಗಾನ ಮೇಳದವರು ರಾತ್ರಿಯೊಳಗೆ ರಂಗಸ್ಥಳ ಕಟ್ಟಿ ಬಿಚ್ಚುವ ಚುರುಕು ನೋಡಿದವರಿಗೆ ಇದು ಬೇಗ ಅರ್ಥ ಆಗ್ತದೆ.

ಮೊದಲು ಹೀಗೆ ಇರ್ಲಿಲ್ಲ. 1967ರ ಮೊದಲ ಸಲ ಯೂನಿವರ್ಸಿಟಿ ಬ್ಯಾಂಡ್ ಸೆಟ್ಟು. 1992ರಲ್ಲಿ ಹಾಫ್‌ಟೈಮ್ ಹೊತ್ತಿಗೆ ಫಾಕ್ಸ್ ಚಾನೆಲ್ ಒಂದು ಕಾಮಿಡಿ ಶೋ ಲೈವ್ ಹಾಕಿ ಜನರನ್ನು ಎಳೆದುಕೊಂಡಿತು, ಲೀಗ್‌ನವರಿಗೆ ಬಿಸಿ ತಟ್ಟಿ ಮರುವರ್ಷ ಮೈಕೆಲ್ ಜಾಕ್ಸನ್‌ನ ಕರೆತಂದರು, ಅಲ್ಲಿಂದ ಕಥೆ ಬದಲಾಯಿತು. 2004ರ ಶೋದಲ್ಲಿ ಜಾನೆಟ್ ಜಾಕ್ಸನ್‌ಳ ಬಟ್ಟೆ ಕಳಚಿ ಎದೆ ಕಂಡು ಗಲಾಟೆ ಆದದ್ದು ಇದೇ ಹೂಸ್ಟನ್ ಸ್ಟೇಡಿಯಂನಲ್ಲಿ, ಆಗ ಹೆಸರು ರಿಲಯಂಟ್. ಆ ಘಟನೆಯ ಪೂರ್ತಿ ಹೊರೆ ಅವಳೊಬ್ಬಳ ತಲೆಗೆ ಕಟ್ಟಿದ್ದು, ಜೊತೆಗೆ ಹಾಡಿದ ಜಸ್ಟಿನ್ ಟಿಂಬರ್ಲೇಕ್‌ನ ಕೆರಿಯರ್‌ಗೆ ಏನೂ ಆಗದೇ ಇದ್ದದ್ದು ನನಗೆ ಇವತ್ತಿಗೂ ಸಹಿಸ್ಲಿಕ್ಕೆ ಆಗುದಿಲ್ಲ. ಅವನನ್ನು 2018ರಲ್ಲಿ ಮತ್ತೆ ಕರೆದರು, ಅವಳನ್ನು ಕರೀಲಿಲ್ಲ.

ಬಸವನಗುಡಿ_ಬೌಲರ್:
ಸಾನು ಮಾತಿಗೆ ನನ್ನ ಉತ್ತರ ಇದು. ಬ್ರೇಕ್ ಎರಡೂ ಟೀಮಿಗೆ ಒಂದೇ. ಮತ್ತೆ ಹಾಫ್‌ಟೈಮ್ ಮುಗಿದ್ಮೇಲೇ ಫಾಲ್ಕನ್ಸ್ ಇನ್ನೊಂದು ಟಚ್‌ಡೌನ್ ಹೊಡೆದು 21-3ನ 28-3 ಮಾಡಿದ್ದು, ಮೈ ತಣ್ಣಗಾಗಿ ಲಯ ತಪ್ಪಿದ್ರೆ ಅದು ಬರ್ತಿರ್ಲಿಲ್ಲ. ಆದ್ರೆ ಆಟಗಾರ ಸುಮ್ನೆ ನೆಪ ಹೇಳಿದ್ದಲ್ಲ ಅಂತಾನೂ ಅನ್ಸತ್ತೆ, ಯಾಕಂದ್ರೆ ಎರಡನೇ ಕ್ವಾರ್ಟರ್ ಕೊನೇಲಿ ಅವ್ರ ಅಫೆನ್ಸ್‌ಗೆ ಬಾಲೇ ಸಿಕ್ಕಿರ್ಲಿಲ್ಲ. ಪೇಟ್ರಿಯಟ್ಸ್ ಉದ್ದಕ್ಕೆ ಆಡ್ತಾ ಹೋದ್ರು, ಆಲ್ಫರ್ಡ್ ಕಿತ್ಕೊಂಡು ಸ್ಕೋರ್ ಮಾಡ್ದ, ಅದಕ್ಕೇ ಮತ್ತೆ ಪೇಟ್ರಿಯಟ್ಸ್‌ಗೇ ಬಾಲ್, ಆಮೇಲೆ ಶೋ. ಅಷ್ಟು ಹೊತ್ತು ಕೂತಿದ್ದು ನಿಜ. ಸೋಲಿಗೆ ಅದು ಕಾರಣ ಅಲ್ಲ ಅಂತೀನಿ ಅಷ್ಟೆ.

ಅಟ್ಲಾಂಟಾ_ಅಕ್ಕ:
ನಂಗೆ ಕಾರಣ ಅನ್ಸೋದು ಓವರ್‌ಟೈಮ್ ರೂಲು. ಟಾಸ್ ಪೇಟ್ರಿಯಟ್ಸ್ ಗೆದ್ರು, 75 ಯಾರ್ಡ್ ಹೋದ್ರು, ಟಚ್‌ಡೌನ್, ಮ್ಯಾಚ್ ಮುಗೀತು. ಆ ವರ್ಷದ ಎಂವಿಪಿ ರಾಯನ್‌ಗೆ ಓವರ್‌ಟೈಮ್‌ನಲ್ಲಿ ಬಾಲ್ ಮುಟ್ಟೋಕೂ ಸಿಗ್ಲಿಲ್ಲ. ಇದು ಯಾವ ನ್ಯಾಯ ಹೇಳಿ?

ಬಾಸ್ಟನ್_ಚಳಿ:
ಆಗ ರೂಲ್ ಹಾಗಿತ್ತು ಅಕ್ಕಾ, ಎರಡೂ ಟೀಮಿಗೂ ಗೊತ್ತಿತ್ತು. ಆದ್ರೂ ನೀವು ಹೇಳೋದ್ರಲ್ಲಿ ನ್ಯಾಯ ಇದೆ. 2022ರ ಜನವರಿಲಿ ಬಫಲೋ ಬಿಲ್ಸ್‌ಗೂ ಹೀಗೇ ಆಯ್ತು, ಕಾನ್ಸಾಸ್ ಸಿಟಿ ಚೀಫ್ಸ್ ಎದುರು 42-36ರಲ್ಲಿ ಸೋತ್ರು, ಬಿಲ್ಸ್ ಕ್ವಾರ್ಟರ್‌ಬ್ಯಾಕ್ ಜಾಶ್ ಆಲನ್ ನೋಡ್ತಾ ನಿಂತಿದ್ದ. ಅದಾದ್ಮೇಲೆ ಪ್ಲೇಆಫ್‌ನಲ್ಲಿ ಎರಡೂ ಟೀಮಿಗೂ ಒಂದೊಂದ್ಸಲ ಬಾಲ್ ಸಿಗ್ಲೇಬೇಕು ಅಂತ ಬದಲಾಯ್ಸಿದ್ರು.

ಬಸವನಗುಡಿ_ಬೌಲರ್:
ಆ ಹೊಸ ರೂಲ್‌ನಲ್ಲಿ ಮೊದಲು ಓವರ್‌ಟೈಮ್‌ಗೆ ಹೋದ ಸೂಪರ್ ಬೌಲ್ ಯಾವ್ದು ಗೊತ್ತಾ? 2024ರದ್ದು, ಲಾಸ್ ವೇಗಸ್, ಚೀಫ್ಸ್ 25, 49ಅರ್ಸ್ 22. 49ಅರ್ಸ್ ಮೊದಲು ಬಾಲ್ ತಗೊಂಡು ಫೀಲ್ಡ್ ಗೋಲ್ ಹೊಡೆದ್ರು, ಚೀಫ್ಸ್ ಕ್ವಾರ್ಟರ್‌ಬ್ಯಾಕ್ ಮಹೋಮ್ಸ್ ಟಚ್‌ಡೌನ್ ಮಾಡ್ಸಿ ಗೆಲ್ಲಿಸ್ದ. ಸೋತ ಕೋಚ್ ಯಾರು, ಕೈಲ್ ಶಾನಹನ್. ಮಧ್ಯದಲ್ಲಿ 2020ರ ಸೂಪರ್ ಬೌಲ್‌ನಲ್ಲೂ ಅವ್ರ ಟೀಮ್ ಕೊನೇ ಕ್ವಾರ್ಟರ್‌ನಲ್ಲಿ 20-10 ಮುಂದಿದ್ದು 31-20 ಸೋತಿದೆ. ಆಟದ ಬಗ್ಗೆ ಅಷ್ಟು ತಿಳ್ಕೊಂಡಿರೋ ಮನುಷ್ಯ, ಒಂದ್ಸಲನಾದ್ರೂ ಗೆಲ್ಲಲಿ ಅಂತ ನಂಗೆ ಮನಸಾರೆ ಆಸೆ ಇದೆ.

ಹೊಸಬ_ನೋಡುಗ:
ಇಷ್ಟೆಲ್ಲ ಓದಿದ್ಮೇಲೆ ಪೂರ್ತಿ ಮ್ಯಾಚ್ ನೋಡ್ಲೇಬೇಕು ಅನ್ಸ್ತಿದೆ. ಮುಂದಿನ ಸೂಪರ್ ಬೌಲ್ ಲೈವ್ ನೋಡ್ಬೇಕು ಅಂದ್ರೆ ಬೆಂಗಳೂರಲ್ಲಿ ಎಷ್ಟು ಗಂಟೆಗೆ?

ಬಸವನಗುಡಿ_ಬೌಲರ್:
ಅಲ್ಲಿ ಭಾನುವಾರ ಸಂಜೆ, ನಮ್ಗೆ ಸೋಮವಾರ ಬೆಳಗ್ಗೆ 5 ಗಂಟೆ. ಹಾಫ್‌ಟೈಮ್ ಶೋ ಆರೂವರೆ ಸುಮಾರಿಗೆ ಬರತ್ತೆ, ಮ್ಯಾಚ್ ಮುಗಿಯೋಷ್ಟರಲ್ಲಿ ಎಂಟೂವರೆ ಒಂಬತ್ತು, ಆಫೀಸ್ ಇದ್ರೆ ಮೊದಲೇ ಲೇಟಾಗಿ ಬರ್ತೀನಿ ಅಂತ ಹೇಳಿಟ್ಬಿಡಿ. ಈ 2017ರದ್ದು ನೋಡೋದಾದ್ರೆ ಮೊದಲರ್ಧ ಬಿಡ್ಬೇಡಿ, ಫಾಲ್ಕನ್ಸ್ ಎಷ್ಟು ಚೆನ್ನಾಗಿ ಆಡಿದ್ರು ಅಂತ ಕಣ್ಣಾರೆ ನೋಡಿದ್ರೇನೇ ಆಮೇಲಿನದು ಅರ್ಥ ಆಗೋದು. ನಾಲ್ಕನೇ ಕ್ವಾರ್ಟರ್ ಬಂದಾಗ ಮೂಲೇಲಿರೋ ಗಡಿಯಾರದ ಮೇಲೆ ಒಂದು ಕಣ್ಣಿಟ್ಟಿರಿ.

ಅಟ್ಲಾಂಟಾ_ಅಕ್ಕ:
ಹೂಲಿಯೊ ಕ್ಯಾಚ್ ಬಂದಾಗ ವಿಡಿಯೋ ನಿಲ್ಸಿ, ಸ್ಲೋ ಮೋಷನ್‌ನಲ್ಲಿ ಎರಡ್ಸಲ ನೋಡಿ. ನೋಡಿದ್ಮೇಲೆ ಇಲ್ಲಿ ಬಂದು ಹೇಳಿ ನಂಗೆ, ಎಡೆಲ್ಮನ್‌ದು ದೊಡ್ಡದಾ ಅವ್ನದಾ ಅಂತ.